ಮಾವನ ಕಾರಿನ ನಲವತ್ತೆಂಟು ಕಡ್ಡಿಗಳು

ನಾನು ಕೈಗೆ ಸ್ಪ್ಯಾನರ್ ತೆಗೆದುಕೊಂಡರೆ ಇಡೀ ಒಹಾಯೋ ನಡುಗುತ್ತದೆ! ಇದು ನನ್ನ ಅಭಿಪ್ರಾಯ. ನಡುಗುವುದು ತಾನೊಬ್ಬಳೇ ಎಂಬುದು ನನ್ನ ಹೆಂಡತಿ ಆರ್ಡಿತ್‌ಳ ಅಭಿಪ್ರಾಯ.

ಅವಳಿಗೆ ಅಕ್ಟೋಬರಿನಲ್ಲಿ ಅರವತ್ತು ತುಂಬುವುದಿತ್ತು. ಏನು ಉಡುಗೊರೆ ಬೇಕು ಎಂದು ಆರು ತಿಂಗಳು ಮೊದಲೇ ಕೇಳಿದೆ.

"ಅಪ್ಪನ ಕಾರು ಶನಿವಾರ ಸಂಜೆ ಬರ್ತಿತ್ತಲ್ಲ, ಹಂಗೇ ಇನ್ನೊಂದ್ಸಲ ಬರ್ಬೇಕು ರೀ. ಸೇತುವೆ ತಿರುವಲ್ಲಿ ಇಂಜಿನ್ ಆರಿಸಿ, ಇಳಿಜಾರಲ್ಲಿ ಸುಮ್ನೆ ಜಾರ್ಕೊಂಡು ಅಂಗಳಕ್ಕೆ. ನಾನು ಅಮ್ಮನ ಹಂಗೆ ನೂಡಲ್ಸ್ ಹಿಡ್ಕೊಂಡು ಒಲೆ ಮುಂದೆ ನಿಂತಿರ್ತೀನಿ. ಅಷ್ಟೇ ಸಾಕು."

ನನ್ನ ಮಾವ ಪಿಯಾನೋ ಶ್ರುತಿ ಮಾಡುವವರು. ವಾರವೆಲ್ಲ ಚರ್ಚು, ಶಾಲೆ ಎಂದು ಊರೂರು ಅಲೆದು ಶನಿವಾರ, ಈಗ ನಾವಿರುವ ಇದೇ ಮನೆ ಸೇರುತ್ತಿದ್ದರು. ಮಹಾ ಜಿಪುಣ. ನಾಲ್ಕು ಹನಿ ಪೆಟ್ರೋಲ್ ಉಳಿಯಲೆಂದು ಇಳಿಜಾರಿನಲ್ಲಿ ಇಂಜಿನ್ ಆರಿಸುತ್ತಿದ್ದರು. ಅವರು ಹೋದ ಮೇಲೆ ಆ ಕಾರು ಮೂವತ್ತು ವರ್ಷ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮಂಚವಾಗಿತ್ತು.

ಇಂಜಿನ್ನನ್ನು ಮೂರು ವಾರದಲ್ಲಿ ಬದುಕಿಸಿದೆ. ಆರ್ಡಿತ್ ಕೌದಿ ಹೊಲಿಯಲು ಚರ್ಚಿಗೆ ಹೋದ ದಿನ ಕಾರನ್ನು ಹೊರಗೆ ತಳ್ಳಿದರೆ ನಾಲ್ಕೂ ಗಾಲಿ ಒಟ್ಟಿಗೆ ನರಳಿದವು. ಕಿರ್ರ್... ಕಿರ್ರ್! ಮರದ ಗಾಲಿ, ಒಂದೊಂದಕ್ಕೆ ಹನ್ನೆರಡು ಕಡ್ಡಿ. ಕಡ್ಡಿ ಎಂದರೆ ಬೆಂಕಿಕಡ್ಡಿಯಲ್ಲ ಸ್ವಾಮಿ, ಮಣಿಕಟ್ಟಿನಷ್ಟು ದಪ್ಪದ ಹಿಕ್ಕರಿ ಮರದ್ದು! ಅದೇ ರಾಗವನ್ನು ನನ್ನ ಬಲ ಮೊಣಕಾಲೂ ಹಾಡುತ್ತದೆ. ಅದಕ್ಕೆ ನವೆಂಬರಿನಲ್ಲಿ ಹೊಸ ಮೊಣಕಾಲು ಹಾಕಲು ಡಾಕ್ಟರು ದಿನ ಕೊಟ್ಟಿದ್ದರು. ಹಾಗಾಗಿ ನರಳುವುದೆಲ್ಲ ರೋಗ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸಡಿಲವಾದ ಕಡ್ಡಿಗೆ ನಮ್ಮ ಕಡೆ ಹಳೇ ಮದ್ದಿದೆ: ಗಾಲಿಯನ್ನು ಹೊಳೆಯಲ್ಲಿ ನೆನೆಸುವುದು. ಮರ ಉಬ್ಬಿ ಬಿಗಿಯಾಗುತ್ತದೆ. ಬುದ್ಧಿವಂತರು ಗಾಲಿ ಬಿಚ್ಚಿ ನೆನೆಸುತ್ತಾರೆ. ನಾನು ಕಾರನ್ನೇ ಹೊಳೆಗೆ ಇಳಿಸಿದೆ! ಅದು ಕೆಸರಲ್ಲಿ ಎಮ್ಮೆಯ ಹಾಗೆ ಮಲಗಿತು, ಏಳಲಿಲ್ಲ.

ಆಗ ಕುದುರೆ ಹೂಡಿಕೊಂಡು ಬಂದವನು ಎನೋಸ್ ಟ್ರೋಯರ್. ಆಮಿಶ್ ಪಂಥದವನು. ಕಾರು ಇಟ್ಟುಕೊಳ್ಳುವುದು ಅವರಿಗೆ ನಿಷಿದ್ಧ. ಸಾರೋಟಿಗೆ ಗಾಲಿ ಕಟ್ಟುವುದು ಅವನ ಕಸುಬು.

"ಮರ್ಲ್, ಕಾರಿಗೆ ದೀಕ್ಷಾಸ್ನಾನ ಮಾಡಿಸ್ತಿದ್ದೀಯಾ?" ಎಂದ.

"ಎಳೆಯೋ ಮಾರಾಯ, ಆಮೇಲೆ ನಗು!"

"ಎಷ್ಟು ಕುದುರೆಗಳ ಶಕ್ತಿ ಅಂತೆ ನಿನ್ನ ಇಂಜಿನ್ನಿಗೆ?"

"ಇಪ್ಪತ್ತು."

"ನಂದು ಎರಡೇ," ಎಂದು ಎಳೆದು ದಡಕ್ಕೆ ಹಾಕಿದ.

ಮೂರು ದಿನ ಗಾಲಿ ಬಿಗಿಯಾಗಿತ್ತು. ನಾಲ್ಕನೆಯ ದಿನ ಮರ ಒಣಗಿ, ಕಡ್ಡಿಗಳು ಮುದುಕನ ಹಲ್ಲಿನ ಹಾಗೆ ಅಲ್ಲಾಡತೊಡಗಿದವು. ಗಾಲಿಗಳನ್ನು ಬಿಚ್ಚಿ, ಎನೋಸನ ಬಾಗಿಲಿಗೇ ಹೊತ್ತೊಯ್ದೆ.

"ಹೊಸ ಕಡ್ಡಿ ಹಾಕಿಕೊಡು. ಯಾವಾಗ ಸಿಗುತ್ತೆ?"

"ಮರ ಒಣಗಿದ ಮೇಲೆ."

"ಮರ ಯಾವಾಗ ಒಣಗುತ್ತೆ?"

"ಅದನ್ನ ಮರಾನೇ ಕೇಳು. ಆರ್ಡಿತ್‌ಗೆ ಹೇಳಿದ್ಯಾ?"

"ಇಲ್ಲ! ಕಾರು ಬರೋದು ಅವಳಿಗೆ ಗೊತ್ತು, ಹೊಸ ಕಡ್ಡಿ ಮಾತ್ರ ಹುಟ್ಟುಹಬ್ಬಕ್ಕೆ ಗುಟ್ಟಿನ ಉಡುಗೊರೆ!"

"ನಮ್ಮಲ್ಲಿ ಹೆಂಡ್ತಿಗೆ ಹೇಳದೆ ಮಾಡೋದಕ್ಕೆ ಬೇರೆ ಹೆಸರಿದೆ," ಎಂದು ಗಡ್ಡ ನೀವಿಕೊಂಡ.

ಅವನಿಗೆ ಫೋನಿಲ್ಲ. ವಾರಕ್ಕೊಂದು ಕಾರ್ಡು ಬರೆದೆ. ಹತ್ತು ಕಾರ್ಡಿಗೆ ಒಂದು ಉತ್ತರ ಬಂತು: "ಒಣಗುತ್ತಿದೆ." ಅಷ್ಟು ದಿನವೂ ಆರ್ಡಿತ್‌ಳನ್ನು ಕೊಟ್ಟಿಗೆಯ ಕಡೆ ತಲೆ ಹಾಕಲು ಬಿಡಲಿಲ್ಲ. ಅವಳು ಮಾತ್ರ ಶನಿವಾರ ಸಂಜೆಯಾದರೆ ಕಿಟಕಿಯ ಹತ್ತಿರ ನಿಂತು ಸೇತುವೆಯನ್ನೇ ನೋಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನಾನು ಎನೋಸನಿಗೆ ಇನ್ನೊಂದು ಕಾರ್ಡು ಬರೆಯಲು ಕೂರುತ್ತಿದ್ದೆ.

ಹುಟ್ಟುಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ಗಾಲಿಗಳು ಬಂದವು. ಆಹಾ! ಸೃಷ್ಟಿಕರ್ತನೂ ಅಷ್ಟು ನುಣುಪಾಗಿ ಏನನ್ನೂ ಮಾಡಿರಲಾರ!

"ಒಂದೇ ಒಂದು ಸಲ ಕಿರ್ ಅಂದ್ರೂ ವಾಪಸ್ ತಂದುಕೊಡು," ಎಂದ ಎನೋಸ್. ಒಂದು ಗೋಣಿಚೀಲವನ್ನೂ ಕೊಟ್ಟ. "ಹಳೇ ಕಡ್ಡಿಗಳು. ಬಿಸಾಕಬೇಡ. ಯಾರಿಗಾದ್ರೂ ಬೇಕಾಗುತ್ತೆ."

ಬಿಸಾಕುವುದೇ? ನಾನೇನು ದಡ್ಡನೇ? ಹಂದಿ ಪಕ್ಕೆಲುಬಿಗೆ ಹೊಗೆ ಕೊಡಲು ಹಿಕ್ಕರಿಗಿಂತ ಒಳ್ಳೆಯ ಸೌದೆ ಭೂಮಿಯ ಮೇಲಿಲ್ಲ! ಹುಟ್ಟುಹಬ್ಬದ ಮಧ್ಯಾಹ್ನ ಬಣ್ಣ ಕೆರೆದು, ನಲವತ್ತೆಂಟು ಕಡ್ಡಿಗಳನ್ನೂ ಒಲೆಗೆ ಒಟ್ಟಿದೆ. ನೆಂಟರೆಲ್ಲ ಬೆರಳು ಚೀಪಿದರು. ಆರ್ಡಿತ್ ಎರಡು ಸಲ ಬಡಿಸಿಕೊಂಡಳು.

"ಏನ್ ರುಚಿ ರೀ! ಎಲ್ಲಿ ಸಿಕ್ತು ಇಂಥ ಹಿಕ್ಕರಿ?"

"ಅದೂ ಗುಟ್ಟು!" ಎಂದು ಕಣ್ಣು ಮಿಟುಕಿಸಿದೆ.

ನೆಂಟರು ಹೋದರು. ಸಂಜೆಯಾಯಿತು. ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು. ಅವಳು ಅಮ್ಮನ ಹಳೇ ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ನೂಡಲ್ಸ್ ಹಿಡಿದು, ಕಿಟಕಿಗೆ ಬೆನ್ನು ಮಾಡಿ ನಿಂತಳು. ನಾನು ಕಾರನ್ನು ಸೇತುವೆಯಾಚೆಗೆ ಕೊಂಡೊಯ್ದು, ವಾಪಸ್ ಬರುವಾಗ ತಿರುವಿನಲ್ಲಿ ಇಂಜಿನ್ ಆರಿಸಿದೆ. ಕಾರು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಂದು ಅಂಗಳದಲ್ಲಿ ನಿಂತಿತು. ಕಾದೆ. ಯಾರೂ ಹೊರಗೆ ಬರಲಿಲ್ಲ. ಕಿಟಕಿಯಲ್ಲಿ ಇಣುಕಿದರೆ ಅವಳು ಹಾಗೇ ನಿಂತಿದ್ದಾಳೆ, ಸಾರು ಉಕ್ಕುತ್ತಿದೆ.

"ಬಂದೆ ಕಣೇ!"

ಬೆಚ್ಚಿ ತಿರುಗಿದಳು. "ಯಾವಾಗ? ಕೇಳಿಸ್ಲೇ ಇಲ್ವಲ್ಲ! ಗಾಲಿ ಕಿರ್ ಅನ್ಲಿಲ್ವಾ?"

"ಎನೋಸ್ ಹತ್ರ ಹೊಸ ಕಡ್ಡಿ ಹಾಕಿಸಿ, ಕಿರ್ ಅನ್ನೋದೆಲ್ಲ ತೆಗೆಸ್ಬಿಟ್ಟೆ!" ಎಂದೆ ಮೀಸೆ ತಿರುವುತ್ತ.

"ಅದೇ ರೀ ಅಪ್ಪ ಬರೋ ಸದ್ದು," ಎಂದಳು ಮೆಲ್ಲಗೆ. "ಆ ಕಿರ್ ಕೇಳಿದ್ಮೇಲೇ ಅಮ್ಮ ನೂಡಲ್ಸ್ ಹಾಕ್ತಿದ್ದದ್ದು. ಇವತ್ತು ಅದನ್ನೇ ಕಾಯ್ತಿದ್ದೆ."

ಇಂಜಿನ್ ಆರಿಸಿದ ಮೇಲೆ ಕಿವಿಗೆ ಬೀಳಲು ಇನ್ನೇನು ಉಳಿದಿರುತ್ತದೆ ಎಂದು ಆರು ತಿಂಗಳಲ್ಲಿ ನಾನು ಒಮ್ಮೆಯೂ ಯೋಚಿಸಲಿಲ್ಲ. ನಾನು ಯೋಚಿಸುವವನಲ್ಲ, ರಿಪೇರಿ ಮಾಡುವವನು!

"ಹೋಗ್ಲಿ ಬಿಡಿ. ಹಳೇ ಕಡ್ಡಿ ಇದೆಯಲ್ಲ, ಎನೋಸ್‌ಗೆ ಹೇಳಿ ಒಂದು ಗಾಲಿಗಾದ್ರೂ ಹಾಕಿಸಿ."

ನನ್ನ ಕಣ್ಣು ಕಸದ ತೊಟ್ಟಿಯಲ್ಲಿ ರಾಶಿ ಬಿದ್ದಿದ್ದ ಮೂಳೆಗಳ ಕಡೆ ಹೋಯಿತು. ಅವಳ ಕಣ್ಣೂ ಹೋಯಿತು.

"ಅಯ್ಯೋ! ಎರಡು ಸಲ ಬಡಿಸ್ಕೊಂಡ್ನಲ್ರೀ!"

ಬೈದಿದ್ದರೆ ಸುಖವಿತ್ತು. ಅವಳು ಬೈಯಲಿಲ್ಲ, ನೂಡಲ್ಸ್ ಹಿಡಿದುಕೊಂಡು ಒಲೆಯ ಕಡೆ ತಿರುಗಿ ನಿಂತಳು. ನಾನು ಕಾರನ್ನು ಕೊಟ್ಟಿಗೆಗೆ ತಳ್ಳಿದೆ. ಅದು ಕಳ್ಳನ ಹಾಗೆ ಸದ್ದಿಲ್ಲದೆ ಒಳಗೆ ಹೋಯಿತು. ತಲೆ ತಗ್ಗಿಸಿಕೊಂಡು ವಾಪಸ್ ಬಂದು ಅಡುಗೆಮನೆಯ ಮೆಟ್ಟಿಲು ಹತ್ತಿದೆ. ಒಂದು, ಎರಡು. ಮೂರನೆಯದಕ್ಕೆ ಬಲಗಾಲು ಎತ್ತಿದಾಗ, ಕಿರ್ರ್...

ಒಳಗೆ ಸಾರಿಗೆ ನೂಡಲ್ಸ್ ಬಿದ್ದ ಸದ್ದು ಕೇಳಿಸಿತು.

ಬಾಗಿಲು ತೆಗೆದೆ. ಅವಳು ಏಪ್ರನ್ನಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಡಾಕ್ಟರಿಗೆ ಫೋನ್ ಮಾಡ್ರೀ."

"ಯಾಕೆ? ಏನಾಯ್ತು?"

"ನವೆಂಬರ್‌ಗೆ ಬರಲ್ಲ ಅಂತ ಹೇಳಿ. ಆ ಮೊಣಕಾಲಿಗೆ ಯಾರಾದ್ರೂ ಕೈ ಹಚ್ಚಿದ್ರೋ, ಈ ಸಲ ನಿಮ್ಮನ್ನೇ ಒಲೆಗೆ ಹಾಕ್ತೀನಿ!"