ಹಳ್ಳ ದಾಟಿದ ಬಂದೂಕು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ನಮ್ಮಪ್ಪ ನನಗೆ ಬಿಟ್ಟುಹೋದದ್ದು ಶಿಡ್ಲಘಟ್ಟದ ಹತ್ತಿರ ಒಂದು ಹಿಪ್ಪುನೇರಳೆ ತೋಟ ಮತ್ತು ಒಂದು ಒಂಟಿ ನಳಿಗೆಯ ಬಂದೂಕು. ತೋಟ ನನ್ನನ್ನು ಸಾಕಿತು. ಬಂದೂಕಿನಿಂದ ಇವತ್ತಿನವರೆಗೆ ಒಂದು ಕಾಗೆಯೂ ಸತ್ತಿಲ್ಲ, ಸತ್ತದ್ದೇನಿದ್ದರೂ ನಾನೇ.

ವಿಷಯ ಇಷ್ಟು. ನನ್ನ ಹೆಂಡತಿಯ ತವರು ಚಿಂತಾಮಣಿ ದಾಟಿದ ಮೇಲೆ, ಗಡಿಯ ಆಚೆಗಿನ ಹಳ್ಳಿ. ಊರ ಪಕ್ಕದಲ್ಲೊಂದು ಒಣ ಹಳ್ಳ. ಹಳ್ಳದ ಈಚೆ ನಮ್ಮ ಮೈಸೂರು, ಆಚೆ ಆಂಧ್ರ. ಆಚೆ ದಡದಲ್ಲಿ ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹೊಲ. ಮೈಮೇಲಿನ ಒಡವೆಗಿಂತ ಅವಳಿಗೆ ಅದರ ಮೇಲೆ ಪ್ರಾಣ. ಅದರಲ್ಲಿ ಕಡಲೆಕಾಯಿ ಹಾಕಿದ ವರ್ಷವೆಲ್ಲ ಕಾಡುಹಂದಿಗಳು ಬಂದು ಬುಡಸಮೇತ ಉತ್ತು ಹೋಗುತ್ತಿದ್ದವು. ಅಲ್ಲೇ ಇದ್ದ ಅವಳ ತಮ್ಮ ಒಂದು ಸಲ ಖಡಾಖಂಡಿತವಾಗಿ ಹೇಳಿಬಿಟ್ಟ: "ಭಾವ, ಈ ಬೆಳೇನಾದ್ರೂ ಉಳಿಸ್ಕೊಳ್ಳಿ. ಇಲ್ದಿದ್ರೆ ಅಕ್ಕನ ಹೊಲ ನಾನೇ ಇಟ್ಕೊಂಡು ಹುಣಸೆ ಗಿಡ ಹಾಕ್ತೀನಿ, ಬದಲಿಗೆ ಅವಳಿಗೆ ಬೇರೆ ಏನಾದ್ರೂ ಕೊಡ್ತೀನಿ. ದಿನಾ ಹಂದಿ ಓಡಿಸೋಕೆ ನನ್ನ ಕೈಲಾಗಲ್ಲ."

"ಮನೇಲಿ ಬಂದೂಕಿದೆಯಲ್ಲ ರೀ," ಅಂದಳು ನನ್ನ ಹೆಂಡತಿ.

ಅಲ್ಲಿಂದ ಶುರುವಾಯಿತು. ಮೈಸೂರಿನ ಲೈಸೆನ್ಸು ಮೈಸೂರಿನಲ್ಲಷ್ಟೇ ಸಲ್ಲುತ್ತದೆ. ಹಂದಿಗಳಿಗೆ ಆ ತಾಪತ್ರಯವಿರಲಿಲ್ಲ.

ತೋಟ ಎಷ್ಟಿದೆ?

ಕಾನೂನು ಮೀರುವ ಧೈರ್ಯ ನಮ್ಮ ವಂಶದಲ್ಲೇ ಇಲ್ಲ. ಬಂದೂಕನ್ನು ಗಡಿ ದಾಟಿಸುವುದು ಹೇಗೆ ಎಂದು ಕೇಳಲು ಪೊಲೀಸ್ ಠಾಣೆಗೆ ಹೋದೆ. ಹೊಸದಾಗಿ ವರ್ಗವಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರು ಎಲ್ಲೋ ಬಡಗಣ ಸೀಮೆಯವರು, ರೇಷ್ಮೆ ಸೀಮೆ ಕಂಡವರಲ್ಲ. ಲೈಸೆನ್ಸು ತಿರುವಿ ನೋಡಿ ಕೇಳಿದರು:

"ತೋಟಾ ಎಷ್ಟಿದೆ?"

"ಎರಡಿದೆ ಸ್ವಾಮಿ. ಒಂದು ನಮ್ಮಪ್ಪನ ಕಾಲದ್ದು. ಇನ್ನೊಂದು ನಾನೇ ಮಾಡಿಕೊಂಡಿದ್ದು."

ಅವರ ಹುಬ್ಬು ಮೇಲಕ್ಕೆ ಹೋಯಿತು. "ನೀವೇ ಮಾಡ್ತೀರಾ? ಎಲ್ಲಿಟ್ಟಿದ್ದೀರಿ?"

"ಊರ ಮುಂದೆ, ಬಾವಿ ಪಕ್ಕದಲ್ಲಿ."

"ಒದ್ದೆ ಆಗಲ್ವೇನ್ರೀ?"

"ಒದ್ದೆ ಆಗದಿದ್ರೆ ಹೇಗೆ ಸ್ವಾಮಿ? ನಾನೇ ನಿಂತು ನೀರು ಕಟ್ಟಿಸ್ತೀನಿ."

"ಕಾವಲು?"

"ಅದಕ್ಕ್ಯಾವ ಕಾವಲು! ಬೆಳಗ್ಗೆ ಬೆಳಗ್ಗೆ ಹೆಂಗಸರು ಬಂದು ಬುಟ್ಟಿ ತುಂಬ ಬಿಡಿಸ್ಕೊಂಡು ಹೋಗ್ತಾರೆ."

ಸಬ್ ಇನ್ಸ್‌ಪೆಕ್ಟರು ಎದ್ದು ನಿಂತರು. "ತಗೊಂಡು ಹೋಗಿ ಏನು ಮಾಡ್ತಾರೆ?"

"ಸಣ್ಣಗೆ ಹೆಚ್ಚಿ ಹುಳಕ್ಕೆ ಹಾಕ್ತಾರೆ."

ಅವರು ಬಂದೂಕಿನ ತೋಟಾ, ಅಂದರೆ ಗುಂಡು, ಕೇಳುತ್ತಿದ್ದರು, ನಾನು ಹಿಪ್ಪುನೇರಳೆ ತೋಟ ಹೇಳುತ್ತಿದ್ದೆ ಎಂಬುದು ಇಬ್ಬರಿಗೂ ತಿಳಿಯುವ ಹೊತ್ತಿಗೆ ನನ್ನನ್ನು ಬೆಂಚಿನ ಮೇಲೆ ಕೂರಿಸಿಯಾಗಿತ್ತು, ಒಬ್ಬ ಕಾನ್‌ಸ್ಟೇಬಲು ಸೈಕಲ್ಲಿನಲ್ಲಿ ನಮ್ಮೂರಿಗೆ ಹೋಗಿಯಾಗಿತ್ತು. ಅವನು ಶಿಡ್ಲಘಟ್ಟದವನೇ. ಬಂದು ಸೆಲ್ಯೂಟ್ ಹೊಡೆದು ವರದಿ ಒಪ್ಪಿಸಿದ: "ತೋಟ ಎರಡೂ ನೋಡಿದೆ ಸಾರ್. ಮೇಲಿನದು ಚೆನ್ನಾಗಿದೆ. ಕೆಳಗಿನದಕ್ಕೆ ಗೊಬ್ಬರ ಸಾಲದು."

ಒಂದು ಪದ ಹೇಳಿ ಸ್ವಾಮಿ

ಕೊನೆಗೆ ಸಬ್ ಇನ್ಸ್‌ಪೆಕ್ಟರು ಸಮಾಧಾನವಾಗಿಯೇ ಹೇಳಿದರು: "ಬಂದೂಕು ಖಾಲಿ ಇರಬೇಕು. ಚೀಲದೊಳಗಿರಬೇಕು. ಜನರ ಕಣ್ಣಿಗೆ ಬೀಳಬಾರದು. ತೋಟಾ ಒಂದೂ ಒಯ್ಯಬೇಡಿ. ಗಡಿ ಚೌಕಿಯಲ್ಲಿ ನೀವಾಗೇ ತೋರಿಸಿ ಕೇಳಿ. ಅವರು ಒಪ್ಪಿದರೆ ಮುಂದೆ ಹೋಗಿ, ಇಲ್ಲದಿದ್ದರೆ ವಾಪಸ್ ಬನ್ನಿ."

ಬಂದೂಕಿನ ಚೀಲ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ನನ್ನ ಹೆಂಡತಿ ಹಳೆಯ ಕೆಂಪು ಸೀರೆ ಹರಿದು ಗವಸು ಹೊಲಿದಳು. ಮರದ ಹಿಡಿ ಎಲ್ಲಿಗೂ ಬಡಿಯಬಾರದೆಂದು ಅದರ ಸುತ್ತ ಹತ್ತಿ ತುಂಬಿ ಗುಂಡಗೆ ಮಾಡಿದಳು. ನೋಡಲು ಲಕ್ಷಣವಾಗಿತ್ತು. ಅದೇ ತಪ್ಪಾಯಿತು.

ಚಿಂತಾಮಣಿಯಲ್ಲಿ ಬಸ್ಸು ಹತ್ತಿದ ಕೂಡಲೆ ಒಬ್ಬ ಮುದುಕಿ ಎದ್ದು ನಿಂತು ನನಗೆ ಜಾಗ ಬಿಟ್ಟುಕೊಟ್ಟಳು. ಕೆಂಪು ಗವಸಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಆ ಕಡೆ ತಂಬೂರಿ ಹಿಡಿದು ತತ್ವಪದ ಹಾಡುತ್ತ ತಿರುಗುವವರು ಬಹಳ. ನಾನೂ ಅವರಲ್ಲೊಬ್ಬ ಎಂದುಕೊಂಡಿದ್ದಳು. ತಂಬೂರಿಯಲ್ಲ ಅಂದರೆ ಮತ್ತೇನೆಂದು ಹೇಳಬೇಕಾಗುತ್ತದೆ. ಬಂದೂಕು ಅಂದರೆ ಬಸ್ಸೇ ಖಾಲಿಯಾಗುತ್ತದೆ. ಗವಸನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

"ಒಕ ಪದಂ ಪಾಡು ಸ್ವಾಮೀ," ಅಂದಳು ಮುದುಕಿ. "ಹೌದು ಸ್ವಾಮಿ, ಒಂದು ಪದ ಹೇಳಿ, ದಾರಿ ಸಾಗಲಿ," ಅಂದಿತು ಇಡೀ ಬಸ್ಸು. ಕಂಡಕ್ಟರು ಸೀಟಿ ಊದುವುದನ್ನು ಬಿಟ್ಟು ಕೈಮುಗಿದು ನಿಂತ.

ನನಗೆ ಗೊತ್ತಿದ್ದದ್ದು ಹುಳು ಸಾಕುವ ಮನೆಯಲ್ಲಿ ಹೆಂಗಸರು ಹೇಳುವ ಒಂದು ಹಾಡಿನ ಎರಡು ಸಾಲು. ಬೆವರು ಒರೆಸಿಕೊಂಡು ಅದನ್ನೇ ಎಳೆದೆ. ಮುಂದಿನ ಸೀಟಿನ ಮಗು ಅಳತೊಡಗಿತು. ಎರಡನೆಯ ಸಾಲು ಮುಗಿಯುವ ಮೊದಲೇ ಮುದುಕಿ ನನ್ನ ಕೈಮೇಲೆ ಕೈಯಿಟ್ಟು, "ಸಾಕು ಬಿಡಪ್ಪ. ಗಂಟಲು ಹೋಗಿದೆ, ಪಾಪ. ಅದನ್ನಾದ್ರೂ ಒಂಚೂರು ಮೀಟು," ಅಂದಳು.

ಸೈಲೆನ್ಸರು

ಗಡಿ ಚೌಕಿಯಲ್ಲಿ ಹೇಳಿಕೊಟ್ಟ ಹಾಗೆಯೇ ಕೆಳಗಿಳಿದು, ಗವಸು ಬಿಚ್ಚಿ, ಲೈಸೆನ್ಸು ಮುಂದಿಟ್ಟು ಕೈಕಟ್ಟಿ ನಿಂತೆ. ಅಲ್ಲಿನ ದಫೇದಾರ ದಪ್ಪ ಮೀಸೆಯ ಆಂಧ್ರದವ. ಬಂದೂಕನ್ನು ನೋಡಿ, "ಸರೇ, ವಿಚಾರಿಸೋಣ," ಎಂದು ಮೃದುವಾಗಿಯೇ ಅಂದ. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ನನ್ನ ಹಿಂದೆ ಇಳಿದವನೊಬ್ಬನ ಗೋಣಿಚೀಲದ ಮೇಲೆ ದಫೇದಾರನ ಕಣ್ಣು ಬಿತ್ತು. ಆತ ಮದನಪಲ್ಲಿಯಲ್ಲಿ ಬೆಸುಗೆ ಹಾಕಿಸಲು ತನ್ನ ಮೋಟಾರ್ ಸೈಕಲ್ಲಿನ ಹೊಗೆ ಕೊಳವೆ ಬಿಚ್ಚಿ ತಂದಿದ್ದ.

"ಇದಿ ಏಮಿಟಿ?"

"ಸೈಲೆನ್ಸರ್ ಸಾರ್."

ದಫೇದಾರನ ಮೀಸೆ ನೆಟ್ಟಗಾಯಿತು. ಬಂದೂಕಿನ ಬಾಯಿಗೆ ಸದ್ದಡಗಿಸುವ ಸೈಲೆನ್ಸರ್ ಹಾಕುತ್ತಾರೆ, ಅದನ್ನು ಕಂಡರೆ ಬಿಡಬೇಡಿ ಎಂದು ಅವನಿಗೆ ಯಾರೋ ಮೇಲಿನವರು ಹೇಳಿದ್ದರಂತೆ. ಅಂಥದ್ದನ್ನು ಅವನು ಕಣ್ಣಿಂದ ಕಂಡಿರಲಿಲ್ಲ. ಇಂದು ಒಂದೇ ಬಸ್ಸಿನಿಂದ ಬಂದೂಕೂ ಇಳಿದಿದೆ, ಸೈಲೆನ್ಸರೂ ಇಳಿದಿದೆ.

"ನೀವಿಬ್ಬರೂ ಜೊತೆಗೇ ಬಂದ್ರಾ?" ಅಂದ.

"ಹೌದು ಸಾರ್, ಚಿಂತಾಮಣಿಯಿಂದ ಜೊತೇಲೇ," ಅಂದ ಆ ಪುಣ್ಯಾತ್ಮ. ಅವನ ಪ್ರಕಾರ ಬಸ್ಸಿನಲ್ಲಿ ಬಂದವರೆಲ್ಲ ಜೊತೆಯವರೇ.

ಸ್ವಾಮಿ, ಅದು ಮೋಟಾರ್ ಸೈಕಲ್ಲಿಂದು, ಬಂದೂಕಿಂದಲ್ಲ ಎಂದು ನಾನು ಬಡಿದುಕೊಂಡೆ. "ಹಾಗಾದ್ರೆ ಸೇರಬಾರದು. ನೋಡೇ ಬಿಡೋಣ," ಎಂದು ದಫೇದಾರ ನಳಿಗೆಯನ್ನು ಕೊಳವೆಯೊಳಕ್ಕೆ ತೂರಿಸಿದ. ಒಳಗೆ ಎಲ್ಲೋ ತಗಡು ಬಾಗಿತ್ತೋ ಏನೋ, ನಳಿಗೆ ಹೋಗಿ ಗಪ್ಪನೆ ಕಚ್ಚಿಕೊಂಡಿತು. ಮೂವರು ಹಿಡಿದು ಜಗ್ಗಿದರೂ ಬರಲಿಲ್ಲ.

ದಫೇದಾರ ಗೆದ್ದವನಂತೆ ನನ್ನನ್ನು ನೋಡಿದ. ಬಂದೂಕನ್ನು ಆಕಾಶಕ್ಕೆ ಹಿಡಿದು ಕುದುರೆ ಎಳೆದ. ಖಾಲಿ ಬಂದೂಕು, 'ಟಿಕ್' ಅಂತಲೂ ಸರಿಯಾಗಿ ಕೇಳಿಸಲಿಲ್ಲ. ಅವನು ತನ್ನವರ ಕಡೆ ತಿರುಗಿ ತಲೆದೂಗಿದ:

"ಬಾಗಾ ಪನಿಚೇಸ್ತಾ ಉಂದಿ! ಚೆನ್ನಾಗಿ ಕೆಲಸ ಮಾಡ್ತಿದೆ, ಸದ್ದೇ ಇಲ್ಲ ನೋಡು!"

ತನ್ನಿ, ಕೊಡ್ತೀವಿ

ಕಡಲೆಕಾಯಿ ಎಣ್ಣೆ ಬಿಟ್ಟು ಕೊಳವೆ ಬಿಡಿಸಿದರು. ಮೋಟಾರ್ ಸೈಕಲ್ಲಿನವನು ಮದನಪಲ್ಲಿಗೆ ಹೋದ. ಬಂದೂಕು ಮಾತ್ರ ಆಚೆ ಕಡೆಯ ಠಾಣೆಯಲ್ಲಿ ಕೂತಿತು. "ನಿಮ್ಮ ಕಡೆಯಿಂದ ಅನುಮತಿ ತನ್ನಿ, ಬಂದೂಕು ಕೊಡ್ತೀವಿ," ಅಂದರು.

ಚಿಕ್ಕಬಳ್ಳಾಪುರದ ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯ ಮನುಷ್ಯ. "ಅದಕ್ಕೇನಂತೆ! ಬಂದೂಕು ತನ್ನಿ, ನಂಬರು ನೋಡಿ ಅನುಮತಿ ಕೊಡ್ತೀವಿ," ಅಂದರು.

"ಬಂದೂಕು ಆಂಧ್ರದಲ್ಲಿದೆ ಸಾರ್."

"ಅನುಮತಿ ಇಲ್ಲದೆ ಅಲ್ಲಿಗೆ ಹೇಗೆ ಹೋಯ್ತು?"

"ಅನುಮತಿ ಕೇಳೋಕೆ ಹೋಗಿತ್ತು ಸಾರ್."

ಅವರಿಗೆ ಹಳೆಯದೊಂದು ನೆನಪಾಯಿತು. ಗೌರಿಬಿದನೂರಿನಿಂದ ಹಿಂದೂಪುರಕ್ಕೆ ಹೀಗೇ ಒಂದು ಬಂದೂಕು ಹೋಗಿತ್ತಂತೆ. ಅದೇನಾಯಿತು ಎಂದು ಆಸೆಯಿಂದ ಕೇಳಿದೆ.

"ಬಂದೂಕಿನ ವಿಷಯ ಗೊತ್ತಿಲ್ಲ. ಯಜಮಾನರು ತೀರಿಕೊಂಡರು," ಅಂದರು.

ಢಂ

ನಾನು ಹೀಗೆ ಚಿಕ್ಕಬಳ್ಳಾಪುರಕ್ಕೂ ಗಡಿಗೂ ಚಪ್ಪಲಿ ಸವೆಸುತ್ತಿದ್ದಾಗ ಹಂದಿಗಳು ನೆಮ್ಮದಿಯಾಗಿ ಕಡಲೆಕಾಯಿ ಮುಗಿಸಿದವು. ನನ್ನ ಹೆಂಡತಿ ಹೊಲಕ್ಕೆ ಹೋಗಿ ಮಣ್ಣಿನಲ್ಲಿ ಕೈಯಾಡಿಸಿ, ಬರಿಯ ಸಿಪ್ಪೆ ಎತ್ತಿಕೊಂಡು ಕೂತುಬಿಟ್ಟಳು. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಅಳಲಿಲ್ಲ. ಇಷ್ಟು ಕೈಲಾಗದವನ ಕೈಹಿಡಿದಳಲ್ಲ ಎಂದು ನನಗೇ ಅವಳ ಮೇಲೆ ಕನಿಕರ ಬಂತು.

ತಮ್ಮ ಹೇಳಿದ್ದನ್ನೇ ಮಾಡಿದ. ಅಪ್ಪ ಕೊಟ್ಟ ಹೊಲ ತಾನಿಟ್ಟುಕೊಂಡು, ಹಳ್ಳದ ಈಚೆಗಿದ್ದ ತನ್ನ ಹೊಲ ಅಕ್ಕನಿಗೆ ಬರೆದುಕೊಟ್ಟ. ಅಂದರೆ ಹೊಲ ಮೈಸೂರಿಗೆ ಬಂತು. ರಿಜಿಸ್ಟ್ರಿ ಮುಗಿಸಿ ಮನೆಗೆ ಬಂದರೆ, ಕೊನೆಗೆ ನಂಬರನ್ನು ಕಾಗದದ ಮೇಲೇ ತರಿಸಿಕೊಂಡು ಎರಡೂ ಸರ್ಕಾರ ಒಪ್ಪಿ ಕಳಿಸಿದ ಅನುಮತಿ ಬಾಗಿಲಲ್ಲಿ ಕಾದಿತ್ತು. ಸದರಿ ಬಂದೂಕನ್ನು ಹಳ್ಳದ ಆಚೆ ದಡದಲ್ಲಿ ಮಾತ್ರ ಇಟ್ಟುಕೊಳ್ಳಬಹುದು. ಈಚೆ ತರಬೇಕಾದರೆ ಬೇರೆ ಅರ್ಜಿ.

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅವಳು ಓದಿಸಿ ಕೇಳಿ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಕ್ಕಳು. "ಎಲ್ಲರ ಮನೇಲಿ ತವರಿಂದ ಬಾಗಿನ ಬರುತ್ತೆ. ನಮ್ಮನೇಲಿ ತವರಿಗೆ ಬಂದೂಕು ಹೋಯ್ತು ಬಿಡಿ!"

ಈಚೆಯ ಹೊಲಕ್ಕೂ ಕಡಲೆಕಾಯಿ ಹಾಕಿದೆವು. ಕಾಯಿ ಬಲಿತ ಮೇಲೆ ಒಂದು ಸಂಜೆ ಇಬ್ಬರೂ ಬದುವಿನ ಮೇಲೆ ಕೂತಿದ್ದಾಗ ಹಿಂಡು ಬಂತು. ಅಷ್ಟೂ ಹಂದಿಗಳು ಮನೆ ಅಳಿಯಂದಿರ ಹಾಗೆ ಸಾಲಾಗಿ ಹೊಲಕ್ಕಿಳಿದವು. ಈ ಬೆಳೆಯೂ ಹೋದರೆ ಅವಳ ಮುಖ ನೋಡುವ ಶಕ್ತಿ ನನಗಿರಲಿಲ್ಲ.

"ನೋಡ್ತಾ ಕೂತ್ರಲ್ಲ! ಬಾಯಲ್ಲಾದ್ರೂ ಢಂ ಅನ್ನಿ. ಅದಕ್ಕೆ ಯಾವ ಲೈಸೆನ್ಸೂ ಬೇಡ," ಅಂದಳು.

ನಾನು ಎದ್ದು ನಿಂತು, ಎದೆ ತುಂಬ ಉಸಿರೆಳೆದು, "ಢಂ!" ಅಂದೆ.

ದೊಡ್ಡ ಹಂದಿಯೊಂದು ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. ಮತ್ತೆ ತಲೆ ತಗ್ಗಿಸಿ ಕಡಲೆಕಾಯಿಗೆ ಬಾಯಿ ಹಾಕಿತು.

ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಷ್ಟು ವರ್ಷದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ, "ಏಯ್!" ಅಂದಳು.

ಇಡೀ ಹಿಂಡು ಬಾಲ ಎತ್ತಿಕೊಂಡು ಹಳ್ಳ ಹಾರಿ ಆಂಧ್ರಕ್ಕೆ ಓಡಿತು. ಹಂದಿಗಳ ಜೊತೆ ನಾನೂ ಓಡಿ ಹಳ್ಳದ ಮಧ್ಯೆ ನಿಂತಿದ್ದೇನೆ ಎಂಬುದು ನನಗೆ ಗೊತ್ತಾದದ್ದು, ಅವಳು ದಡದಿಂದ, "ರೀ, ನಿಮಗಲ್ಲ ಅಂದಿದ್ದು, ವಾಪಸ್ ಬನ್ನಿ!" ಎಂದು ಕೂಗಿದ ಮೇಲೆ.