ಅವ್ವನ ಕೈ ಎತ್ತುವಷ್ಟು ಭಾರ

ನಮ್ಮ ಕಾಕಾ ನಿಮ್ಮ ಮನೆಗೆ ಬಂದರೆ ದಯವಿಟ್ಟು ಸೋಫಾದಿಂದ ಎದ್ದು ನಿಂತುಬಿಡಿ. ಗೌರವ ಕೊಡಲೆಂದು ಹೇಳುತ್ತಿಲ್ಲ. ನೀವು ಕೂತಿದ್ದರೂ ಅವನು ಸೋಫಾ ಎತ್ತಿ ನೋಡುತ್ತಾನೆ, ಅದಕ್ಕೆ ಹೇಳಿದೆ.

ಸೋಫಾ ಆದ ಮೇಲೆ ಟೀಪಾಯಿ, ಹಿಟ್ಟಿನ ಡಬ್ಬಿ, ತಿಜೋರಿ, ಫ್ರಿಜ್ಜು. ಪ್ರತಿಯೊಂದರ ಒಂದು ಮೂಲೆ ಹಿಡಿದು ಎತ್ತುತ್ತಾನೆ, ಇಳಿಸುತ್ತಾನೆ, ತಲೆ ಅಲ್ಲಾಡಿಸುತ್ತಾನೆ. "ಇದನ್ನ ಒಬ್ಬರ ಎತ್ತಾಕ ಆಗಂಗಿಲ್ಲಲ್ರೀ" ಅನ್ನುತ್ತಾನೆ. ಚಹಾ ತಣ್ಣಗಾದರೂ ಅವನಿಗೆ ಪರಿವೆ ಇಲ್ಲ. ಒಮ್ಮೆ ಅಥಣಿಗೆ ಸಾವಿನ ಮನೆಗೆ ಮಾತಾಡಿಸಲು ಹೋಗಿದ್ದೆವು. ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾರೆ, ಇವನು ಮೆಲ್ಲಗೆ ಸರಿದು ತೀರಿಹೋದವರ ಮಂಚದ ಕಾಲು ಎತ್ತಿ ನೋಡುತ್ತಿದ್ದಾನೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಕಿವಿಯಲ್ಲಿ ಕೇಳಿದರು: "ಇವ್ರು ಗುಜರಿ ವ್ಯಾಪಾರದವ್ರೇನ್ರಿ?"

ನನ್ನನ್ನು ನೋಡಲು ರಾಯಬಾಗದಿಂದ ಗಂಡಿನವರು ಬಂದಾಗಲೂ ಅಷ್ಟೇ. ಬೇರೆ ಹೆಣ್ಣಿನ ಕಡೆಯವರು ಹುಡುಗನ ಓದು, ನೌಕರಿ, ಹೊಲ ಕೇಳುತ್ತಾರೆ. ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಮನ್ಯಾಗ ಒಬ್ಬಾಕಿ ಎತ್ತಲಾರದಂಥಾದ್ದು ಏನೇನ್ ಐತ್ರಿ?" ಗಂಡಿನ ತಾಯಿ ಸ್ವಲ್ಪ ಯೋಚಿಸಿ, ಪಕ್ಕದಲ್ಲಿ ಕೂತ ತಮ್ಮ ಯಜಮಾನರ ಕಡೆ ನೋಡಿ, "ಇವ್ರ ಒಬ್ರ ಅದಾರ ನೋಡ್ರಿ" ಅಂದರು. ಆ ಮಾತಿಗೇ ನಾನು ಆ ಮನೆಗೆ ಸೊಸೆಯಾಗಲು ಒಪ್ಪಿದೆ.

ಶೇಡಬಾಳದ ನಮ್ಮ ತವರಿನಲ್ಲಿ ಒಂದು ಸಾಮಾನೂ ಇಡಿಯಾಗಿ ಉಳಿದಿಲ್ಲ. ಮಂಚ ತುಂಡುತುಂಡು, ನಟ್ಟು ಬೋಲ್ಟಿನಲ್ಲಿ ಜೋಡಿಸಿದ್ದು. ಮಗ್ಗಲು ಬದಲಿಸಿದರೆ ಎಲ್ಲೋ ಒಂದು ನಟ್ಟು ಉರುಳಿದ ಸದ್ದು. ಕಾಕಾ ತಿಜೋರಿಯನ್ನೂ ಕೊಯ್ದು ಮೂರು ಭಾಗ ಮಾಡಿದಾಗ ಅವ್ವ, "ಚಲೋ ಆತು, ಇನ್ನ ಕಳ್ಳ ಜೋಡಿ ಹುಡುಕೂದು ಬ್ಯಾಡ, ಒಬ್ಬನ ಬಂದ್ರೂ ಸಾಕು" ಅಂದಿದ್ದಳು.

ನೀವು ನಗುತ್ತೀರಿ, ನಗಿ. ನಾವೂ ನಗುತ್ತೇವೆ. ಆದರೆ ಇದೆಲ್ಲ ಶುರುವಾದ ದಿನ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಅಪ್ಪ ಮತ್ತು ಅವನ ತಮ್ಮನಾದ ಈ ಕಾಕಾ ಇಬ್ಬರೂ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರುಗಳು. ಅಲ್ಲಿ ಕಬ್ಬಿನ ರಸ ಕಾಯಿಸಲು ಹೀಟರ್ ಅಂತ ಇರುತ್ತದೆ. ಒಳಗೆ ಪೈಪುಗಳ ದೊಡ್ಡ ಕಟ್ಟು, ಪೈಪಿನೊಳಗೆ ರಸ, ಸುತ್ತಲೂ ಉಗಿ. ಒಂದು ಪೈಪು ತೂತಾದರೂ ಇಡೀ ಕಟ್ಟನ್ನೇ ಸರಪಳಿ ಹಾಕಿ ಮೇಲೆತ್ತಬೇಕು. ಕಬ್ಬು ಅರೆಯುವ ಹಂಗಾಮು ಮುಗಿದು ರಿಪೇರಿ ನಡೆದಿತ್ತು. ಊಟದ ಹೊತ್ತು, ಉಳಿದವರೆಲ್ಲ ಹೊರಗೆ ಹೋಗಿದ್ದರು. ಸರಪಳಿ ಜಾರಿತು. ಕೆಳಗೆ ಅಪ್ಪ ಇದ್ದ.

ಪಕ್ಕದಲ್ಲಿ ಇದ್ದವನು ಕಾಕಾ ಒಬ್ಬನೇ. ಎತ್ತಲು ನೋಡಿದ. ಅಂಗೈ ಸುಲಿದುಹೋಗುವ ತನಕ ಎತ್ತಲು ನೋಡಿದ. ಒಬ್ಬನಿಂದ ಏಳುವ ಭಾರವಲ್ಲ ಅದು. ಜನ ಓಡಿ ಬರುವಷ್ಟರಲ್ಲಿ ಅಪ್ಪನ ಮಾತು ನಿಂತಿತ್ತು.

ಅಪ್ಪನನ್ನು ಮನೆಗೆ ತಂದಾಗ ಅವ್ವ ಅಳಲಿಲ್ಲ. ಕಾಕಾನ ಮುಖ ನೋಡಿ ಒಂದೇ ಮಾತು ಕೇಳಿದಳು. "ಅಷ್ಟ ಭಾರದ್ದನ್ನ ಒಂದ ತುಂಡಿನ್ಯಾಗ ಯಾಕ ಮಾಡ್ತಾರೋ ತಮ್ಮಾ?"

ಕಾಕಾ ಕಾರ್ಖಾನೆಗೆ ಮತ್ತೆ ಹೋಗಲಿಲ್ಲ. ಕಾಗವಾಡ ರಸ್ತೆಯಲ್ಲಿ ಒಂದು ತಗಡಿನ ಶೆಡ್ ಹಾಕಿ ಟ್ರ್ಯಾಕ್ಟರಿನ ಇಂಜಿನ್ನನ್ನು ನೀರಿನಿಂದ ತಂಪಾಗಿಡುವ ರೇಡಿಯೇಟರುಗಳ ರಿಪೇರಿ ಶುರು ಮಾಡಿದ. ಮತ್ತು ಊಟ ಬಿಟ್ಟ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ನಮ್ಮ ಊಟ. ಮುಳುಗಿದ ಮೇಲೆ ಯಾರೂ ಯಾರಿಗೂ ಉಣ್ಣು ಅನ್ನುವಂತಿಲ್ಲ. ಅದನ್ನೇ ಹಿಡಿದು ಅವನು ದಿನಾ ಬೇಕಂತಲೇ ಹೊತ್ತು ಮುಳುಗಿಸಿ ಮನೆಗೆ ಬರುವನು. ಬೆಳಿಗ್ಗೆ ನಾವು ಏಳುವ ಮೊದಲೇ ಹೊರಟುಹೋಗುವನು. ಅಂಗಿ ಜೋಲತೊಡಗಿತು, ಗಲ್ಲದ ಎಲುಬು ಕಂಡವು. ಅಣ್ಣನ ಬೆನ್ನಿಗೇ ಇವನೂ ಹೋಗುತ್ತಾನೆ ಅಂತ ಓಣಿಯವರು ಮಾತಾಡಿಕೊಂಡರು. ನನಗೂ ಅದೇ ಭಯ. ಅವನು ಮನೆಗೆ ಬಂದ ಚಪ್ಪಲಿ ಸದ್ದು ಕೇಳುವ ತನಕ ನಾನು ಮಲಗುತ್ತಿರಲಿಲ್ಲ.

ಒಂದು ಸಂಜೆ ಇನ್ನೂ ಬಿಸಿಲಿರುವಾಗಲೇ ಬಂದ. ಕೈಯಲ್ಲಿ ಹಿತ್ತಾಳೆಯ ಸಣ್ಣ ಪೈಪುಗಳನ್ನು ಸಾಲಾಗಿ ಬೆಸೆದ ಒಂದು ಹಲಗೆಯಂಥದು. ಅವ್ವನ ಮುಂದೆ ಇಟ್ಟು, "ವೈನಿ, ಇಂಥಾವು ಐದಾರು ಕೂಡಿಸಿದ್ರ ಒಂದ ರೇಡಿಯೇಟರ್ ಆಗತೈತ್ರಿ. ಒಂದು ಕೆಟ್ರ ಅದೊಂದ ಬಿಚ್ಚೂದು. ನೀವು ಎತ್ತಿ ನೋಡ್ರಿ" ಅಂದ.

ಅವ್ವ ಹೊರಗೆ ಹೊತ್ತು ನೋಡಿದಳು. "ಮೊದ್ಲ ಉಣ್ಣು. ಆಮ್ಯಾಲ ಎತ್ತತೀನಿ."

ಅವನು ಉಂಡ. ಅವ್ವ ಒಂದೇ ಕೈಯಲ್ಲಿ ಹಲಗೆ ಎತ್ತಿದಳು, ಇಳಿಸಿದಳು. "ಇನ್ನಾ ಭಾರ ಐತೋ ತಮ್ಮಾ."

ಅವತ್ತಿನಿಂದ ಅದೇ ರೂಢಿಯಾಯಿತು. ಕಾಕಾನ ಅಂಗಡಿಯಲ್ಲಿ ತಕ್ಕಡಿ ಇಲ್ಲ, ಅವ್ವನ ಬಲಗೈಯೇ ತಕ್ಕಡಿ. ಹಿತ್ತಾಳೆ ಹೋಗಿ ಅಲ್ಯೂಮಿನಿಯಂ ಬಂತು, ದಪ್ಪ ಚೌಕಟ್ಟು ಹೋಗಿ ತೆಳುವಾದದ್ದು ಬಂತು. ತುಂಡು ಹೆಚ್ಚಿದಷ್ಟೂ ಜೋಡಣೆ ಹೆಚ್ಚು, ಜೋಡಣೆ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಮೊದಲನೆಯದನ್ನು ಹಾಕಿಸಿಕೊಂಡ ಟ್ರ್ಯಾಕ್ಟರಿನವರು ಮರುದಿನವೇ ವಾಪಸು ಬಂದು, "ಇದು ರೇಡಿಯೇಟರ್ ಅಲ್ರಿ, ಹನಿ ನೀರಾವರಿ. ಇದಕ್ಕ ಸಬ್ಸಿಡಿ ಸಿಗತೈತೇನ ಕೇಳ್ರಿ" ಅಂದರು. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. ರಬ್ಬರ್ ವಾಷರ್ ಬದಲಿಸುತ್ತ ಬದಲಿಸುತ್ತ ಹೇಗೋ ಸೋರುವುದನ್ನು ನಿಲ್ಲಿಸಿದ.

ಕೊನೆಗೆ ಒಂದು ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ಒಬ್ಬ ಅಂಗಡಿಗೆ ಬಂದು ಹೇಳಿದ, "ಕಾಕಾ, ನಡು ಹಾದ್ಯಾಗ ರೇಡಿಯೇಟರ್ ತೂತ ಬಿತ್ತು. ಯಾರನ್ನೂ ಕರೀಲಿಲ್ಲ, ಒಬ್ಬನ ಕುಂತು ಕೆಟ್ಟದ್ದು ಬಿಚ್ಚಿ ಬ್ಯಾರೇದ್ದು ಹಾಕ್ಕೊಂಡೆ."

"ಏನಂದಿ?"

"ಒಬ್ಬನ ಹಾಕ್ಕೊಂಡೆ ಅಂದ್ನಿ."

ಕಾಕಾ ಶೆಡ್ಡಿನ ಹಿಂದೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ. ಸಂಜೆ ಆ ಡ್ರೈವರ್ ಹಾಕಿಕೊಂಡಂಥದೇ ಒಂದು ಹಲಗೆಯನ್ನು ಅವ್ವನ ಮುಂದಿಟ್ಟ. ಅವ್ವ ಉಣಿಸಿದಳು, ಎತ್ತಿದಳು, "ಇನ್ನಾ ಭಾರ ಐತೋ" ಅಂದಳು.

ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಓಣಿಗೆಲ್ಲ ಹಾಲು ಮಾರಿದರೂ ಅದಕ್ಕೆ ಒಂದು ಹನಿ ನೀರು ಬೆರೆಸದ ಹೆಂಗಸು, ಇಂಥ ಸುಳ್ಳು ಹೇಳುವುದೇ? ಕಾಕಾ ಆಚೆ ಹೋದ ಮೇಲೆ ಕೇಳಿದೆ. "ಅವ್ವಾ, ಹಪ್ಪಳದಷ್ಟು ಹಗೂರ ಐತಿ. ಯಾಕ ಹಂಗಂದಿ?"

ಅವ್ವ ಅವನು ಉಂಡ ಗಂಗಾಳ ತೊಳೆಯುತ್ತಲೇ ಹೇಳಿದಳು. "ಹಗೂರ ಆತು ಅಂದ್ರ ನಾಳೆ ಅಂವ ಊಟಕ್ಕ ಯಾಕ ಬರ್ತಾನ?"

ಈ ಮಳೆಗಾಲದಲ್ಲಿ ಅವ್ವ ಹಾಸಿಗೆ ಹಿಡಿದಳು. ಕೈಯಲ್ಲಿ ಬಲವಿರಲಿಲ್ಲ. ಕಾಕಾ ಹಲಗೆಯನ್ನು ಇನ್ನೂ ಚಿಕ್ಕದು ಮಾಡಿ ತಂದು ಅವಳ ಅಂಗೈಯ ಮೇಲೆ ಇಡುವನು. ಅವಳು ಮೊದಲು ಅವನ ಬಾಯಿ ನೋಡುವಳು, ಉಂಡಿದ್ದಾನೆಯೇ ಅಂತ. ಆಮೇಲೆ ಇಲ್ಲ ಅಂತ ತಲೆ ಅಲ್ಲಾಡಿಸುವಳು. ಕೊನೆಯ ಸಂಜೆಯೂ ಹಾಗೇ ಅಲ್ಲಾಡಿಸಿದಳು.

ಚಟ್ಟಕ್ಕೆ ಹೆಗಲು ಕೊಡುವಾಗ ಕಾಕಾ ತನ್ನ ಮೂಲೆಯನ್ನು ಒಮ್ಮೆ ಎತ್ತಿದ, ಇಳಿಸಿದ. ಸಾವಿನ ಮನೆಯಲ್ಲೂ ಬಿಡಲಿಲ್ಲವಲ್ಲ ಅಂತ ಯಾರೋ ಗೊಣಗಿದರು. ಅವನು ಯಾರಿಗೂ ಅಲ್ಲದಂತೆ, "ವೈನಿ ಎಷ್ಟ ಹಗೂರ ಆಗ್ಯಾರ. ಒಬ್ಬನ ಎತ್ತಬಹುದಿತ್ತು" ಅಂದ. ನನ್ನ ದುಃಖ ಅಲ್ಲಿಯ ತನಕ ತಡೆದಿತ್ತು, ಆ ಮಾತಿಗೆ ಒಡೆಯಿತು.

ಮುಂದಿನ ತಿಂಗಳು ಒಂದು ದಿನದ ಮಟ್ಟಿಗೆ ತವರಿಗೆ ಹೋದಾಗ ಅವನ ಅಂಗಿ ಮತ್ತೆ ಜೋಲುತ್ತಿತ್ತು. ಮತ್ತೆ ಹೊತ್ತು ಮುಳುಗಿಸಿ ಬರುತ್ತಿದ್ದಾನೆ ಅಂದರು ಓಣಿಯವರು. ನಾನು ಬುತ್ತಿ ಕಟ್ಟಿಕೊಂಡು ಶೆಡ್ಡಿಗೇ ಹೋದೆ. ಬಿಸಿಲು ಕಬ್ಬಿನ ತುದಿಗೆ ಇಳಿದಿತ್ತು. ಕಾಕಾ ಒಂದು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಯಾರಿಗಿ ತೋರ್ಸೂದು ಇದನ್ನ?" ಅಂದ.

"ಮೊದ್ಲ ಉಣ್ಣು ಕಾಕಾ. ಆಮ್ಯಾಲ ನಾ ಎತ್ತತೀನಿ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕೈ ತೊಳೆದು ಬಂದು ಕೂತ. ರೊಟ್ಟಿ ಮುರಿದ, ಪಲ್ಲೆ ಹಚ್ಚಿಕೊಂಡ, ಗಬಗಬ ಉಂಡ. ಎಷ್ಟು ಹಸಿದಿದ್ದನೋ ಏನೋ.

ನಾನು ಹಲಗೆ ಎತ್ತಿದೆ. ಬೆರಳಿಗೆ ಏನೋ ಸಿಕ್ಕಿದೆ ಅಂತಲೂ ಅನಿಸಲಿಲ್ಲ.

"ಇನ್ನಾ ಭಾರ ಐತಿ ಕಾಕಾ."

ಅವನು ಅದನ್ನು ನನ್ನ ಕೈಯಿಂದ ಇಸಿದುಕೊಂಡು, ತಿರುವಿ ಮುರುವಿ ನೋಡಿ, ಗರಗಸ ಹುಡುಕತೊಡಗಿದ.

"ನಾಳೆ ರೈಲಿಗಿ ರಾಯಬಾಗಕ್ಕ ನಿನ್ನ ಮನಿಗಿ ತಗೊಂಡ ಬರ್ತೀನಿ ತಂಗಿ. ಹೊತ್ತ ಮುಳಗೂದರಾಗ."