ಬಚ್ಚಲಕ್ಕೆ ಗಾಜಿನ ಗ್ವಾಡಿ

ಮನಿ ಕಟ್ಟೂ ಗೌಂಡಿ ಕೆಲಸದಾಗ ನಗುವಂಥಾವು ದಿನಾ ಆಗತಾವ. ಮಂದಿ ಮನಿಯಾಗ ಆದದ್ದು ಮರೀತೀನಿ. ನನ್ನ ಮನಿಯಾಗ ಆದದ್ದು ಮರೆಯಾಕ ಆಗಿಲ್ಲ.

ಎರಡು ಸಾವಿರದ ಇಸವಿ ದಾಟಿತ್ತು. ಬೈಲಹೊಂಗಲದ ನಮ್ಮ ಮನಿಯ ಬಚ್ಚಲು ಅಡಗಿಮನಿ ಹಿಂದೆ, ಕಿಟಕಿ ಇಲ್ಲ. ಕರೆಂಟ್ ಹೋದರೆ ಹಗಲೂ ಕತ್ತಲಿ. "ಊರ ಮಂದಿಗೆಲ್ಲಾ ಬೆಳಕಿನ ಮನಿ ಕಟ್ಟಿಕೊಟ್ರಿ. ನಾ ಚಿಮಣಿ ದೀಪಾ ಹಚ್ಚಿ ಜಳಕ ಮಾಡೂದು ಎಂದ ತಪ್ಪತೈತಿ?" ಅಂತ ಹೆಂಡತಿ ಕೇಳುತ್ತಿದ್ದಳು. ಮಾಡ್ತೇನಿ ಅಂದೆ. ಅಷ್ಟರಾಗ ಅವಳು ಹೋದಳು. ಅವಳ ವರ್ಷದ ಕಾರ್ಯದೊಳಗ ಅಡಗಿಮನಿ ಬೆಳಕು ಬಚ್ಚಲಕ್ಕೆ ಬರೂವಂಗ ನಡುವಿನ ಗ್ವಾಡಿ ಒಡೆದು ಗಾಜಿನ ಇಟ್ಟಂಗಿ ಕಟ್ಟೇ ತೀರಬೇಕು ಅಂತ ಹಟ ಹಿಡಿದೆ.

ಗ್ವಾಡಿಗೆ ಸೀಟು

ಬೆಳಗಾವಿಯಿಂದ ಗಾಜಿನ ಇಟ್ಟಂಗಿ ಡಬ್ಬಿ ಬಸ್ಸಿನಲ್ಲಿ ತಂದೆ. ಒಡೆದಾವು ಅಂತ ಸೀಟಿನ ಮೇಲೆ ಇಟ್ಟು, ನಾನು ಬಾಜೂಕ ನಿಂತೆ. ನೇಸರಗಿಯಲ್ಲಿ ಮಂದಿ ಹತ್ತಿದರು.

"ಡಬ್ಬ್ಯಾಗ ಏನೈತ್ರಿ?" ಅಂದ ಗುರುತಿನ ಕಂಡಕ್ಟರ್.

"ನಮ್ಮ ಬಚ್ಚಲ ಗ್ವಾಡಿ."

ಅವನು ನನ್ನನ್ನೂ ಡಬ್ಬಿಯನ್ನೂ ನೋಡಿದ. "ಯಜಮಾನ್ರ, ಇಷ್ಟು ವರ್ಷದಾಗ ಗ್ವಾಡಿ ಕುಂತು, ಗೌಂಡಿ ನಿಂತು ಬಂದದ್ದು ಇದ ಮೊದಲು."

ನೀರು ಕುಡಿಯದ ಇಟ್ಟಂಗಿ

ಕಟ್ಟೂಕಿಂತ ಮೊದಲು ಇಟ್ಟಂಗಿ ನೀರಾಗ ನೆನೆ ಹಾಕಬೇಕು. ಅದು ನೀರು ಕುಡಿದು ಗುಳ್ಳಿ ಬಿಡೂದು ನಿಂತ ಮೇಲೆ ತೆಗೀಬೇಕು. ಕೈಗೆ ರೂಢಿ. ಗಾಜಿನವನ್ನೂ ಬ್ಯಾರಲ್‌ನಾಗ ಮುಳುಗಿಸಿ ಕುಂತೆ.

ಬಾಜೂ ಮನಿಯ ಮುದುಕ ಕೇಳಿದ, "ಏನ್ ನೋಡಾಕ ಹತ್ತೀಪಾ?"

"ಗುಳ್ಳಿ ಯಾಕ ಬರವಲ್ವು ಅಂತ."

"ನಿಮ್ಮ ಮನಿ ಕನ್ನಡಿ ಎಂದಾದ್ರೂ ನೀರು ಕುಡದೈತೇನು?"

ನಾಚಿಕಿಗೆ ಗಡಿಬಿಡಿ ಮಾಡಿದೆ. ಒರೆಸದೆ, ಹಸಿ ಇದ್ದಂಗನ ನಾಲ್ಕು ಸಾಲು ಕಟ್ಟಿದೆ. ಎಲ್ಲಾ ಜಾರಿ, ಗ್ವಾಡಿಗೆ ಬಸುರಿಯ ಹೊಟ್ಟಿ ಬಂತು. ಬಿಚ್ಚಿದೆ, ತೊಳೆದೆ, ಒರೆಸಿದೆ. ಕಾರ್ಯಕ್ಕೆ ಎಂಟು ದಿನ ಇತ್ತು. ಸಾಲಿನ ನಡುವೆ ಕಬ್ಬಿಣದ ಸಳಿ ಇಟ್ಟು, ದಿನಕ್ಕೆ ಎರಡೇ ಸಾಲು ಏರಿಸಿದೆ. ಹೆಂಡತಿ ಇದ್ದರೆ ನೆಲಕ್ಕೆ ಕುಂತು ನಗುತ್ತಿದ್ದಳು. ಅವಳ ಪಾಲಿಂದೂ ನಾನ ನಕ್ಕೆ.

ಹತ್ತಿ ಅಂಡಿಗಿ

ಕಾರ್ಯದ ದಿನ ಗ್ವಾಡಿ ಗಟ್ಟಿ ನಿಂತಿತ್ತು. ಸಾಲಹಳ್ಳಿಯಿಂದ ಬಂದ ಹೆಂಡತಿಯ ಅಕ್ಕ ಅದನ್ನು ನೋಡಿ ಟಾವೆಲ್ ಕೆಳಗಿಟ್ಟರು.

"ಈಚೆ ಕಡೆ ಇಷ್ಟು ಮಂದಿ ಹೋಳಿಗಿ ಮಾಡಾಕ ಹತ್ಯಾರ. ಗಾಜಿನ ಹಿಂದ ನಾ ಜಳಕ ಮಾಡ್ಲೇನ್ರಿ? ತಲಿ ನೆಟ್ಟಗೈತಿಲ್ಲೋ?"

"ಗಾಜು ಅಲಿ ಅಲಿ ಐತ್ರಿ ಅಕ್ಕಾರ. ಬೆಳಕ ಬರತೈತಿ, ಮಂದಿ ಕಾಣೂದಿಲ್ಲ."

ಯಾರೂ ನಂಬಲಿಲ್ಲ. ಧೋತರ, ತಲಿಯ ಪಟಗಾ ಸಮೇತ ನಾನ ಒಳಗೆ ಹೋಗಿ ನಿಂತೆ. "ಏನ್ ಕಾಣತೈತ್ರಿ?"

ಗಾಜಿಗೆ ಮುಖ ಹಚ್ಚಿ ನೋಡಿ ಅಕ್ಕಾರು ಅಂದರು, "ಬೆಳ್ಳಗ ಏನೋ ಐತಿ. ಮನಷ್ಯಾನೋ, ಹತ್ತಿ ತುಂಬಿದ ಅಂಡಿಗಿ ಚೀಲಾನೋ ತಿಳೀವಲ್ದು."

ಗೆದ್ದೆ.

ಅಕ್ಕಾರು ರೂಢಿಯಂತೆ ಚಿಮಣಿ ಹಚ್ಚಿಕೊಂಡು ಒಳಗೆ ಹೋದರು. ತಿರುಗಿ ಬಂದು, ಊದಿ ಆರಿಸಿ, ನನ್ನ ಕೈಗೆ ಕೊಟ್ಟರು. ಅವರ ಜಳಕ ಆದ ಮೇಲೆ ಹೋಳಿಗಿ ಮಾಡುವವರು ಒಬ್ಬೊಬ್ಬರೇ ಮನಿಗೆ ಹೋಗಿ ಟಾವೆಲ್ ತಂದರು. ಹಂಚಿನ ಮೇಲಿನ ಹೋಳಿಗಿ ಕರ್ರಗಾದವು. ನನ್ನ ಪಾಳಿ ಬಂದದ್ದು ಮಧ್ಯಾಹ್ನ. ತಡ ಆತು ಅಂತ ಪೂಜಾಕ್ಕೆ ಬಂದ ಅಯ್ಯನವರ ಕಾಲಿಗೆ ಬೀಳಾಕ ಹೋದೆ.

ಅವರ ಹೆಗಲ ಮ್ಯಾಲೂ ಟಾವೆಲ್ ಇತ್ತು.